ದೇವರು ಹೇಳಿದ್ದಾ, ಮನಸ್ಸು ಹೇಳಿದ್ದಾ? ಗುರುತಿಸೋದು ಹೇಗೆ

[ಕ್ಯಾಮೆರಾ ನೋಡಿ, ನೇರವಾಗಿ]

ನಮಸ್ಕಾರ. ಪ್ರಾರ್ಥನೆ ಮುಗಿಸಿ ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದೀರಿ. ಒಳಗೆ ಏನೋ ಹೊಳೀತು: "ಈ ಕೆಲಸ ಬಿಟ್ಟುಬಿಡು." ಹೇಳಿದ್ದು ಯಾರು? ದೇವರಾ, ನಿಮ್ಮ ಆಸೆನಾ, ಅಥವಾ ನಿನ್ನೆ ಬೈಸಿಕೊಂಡ ಸಿಟ್ಟಾ? ನೀವು ಪದೇ ಪದೇ ಕೇಳೋ ಪ್ರಶ್ನೆ ಇದು.

ಬೇಸಿಕ್ಸ್ ಬೇಗ ಮುಗಿಸೋಣ. ಪ್ರಾರ್ಥನೆ ಅಂದ್ರೆ ನಾವು ಮಾತಾಡೋದು, ಧ್ಯಾನ ಅಂದ್ರೆ ಕೇಳಿಸಿಕೊಳ್ಳೋದು ಅಂತಾರೆ. ಪೂರ್ತಿ ಸರಿಯಲ್ಲ, ಆದರೆ ಇವತ್ತಿಗೆ ಸಾಕು. 12ನೇ ಶತಮಾನದ ಕ್ರೈಸ್ತ ಸನ್ಯಾಸಿ ಎರಡನೇ ಗೀಗೋ ಇದಕ್ಕೊಂದು ಏಣಿ ಕಟ್ಟಿದ್ದ: ಓದು, ಮೆಲುಕು, ಪ್ರಾರ್ಥನೆ, ಮೌನ. ನಾಲ್ಕೇ ಮೆಟ್ಟಿಲು. ಕೇಳಿಸಿಕೊಳ್ಳೋದನ್ನ ಕಲಿಸೋರು ಬೇಕಾದಷ್ಟು ಜನ ಇದ್ದಾರೆ. ಕೇಳಿಸಿದ್ದನ್ನ ಜರಡಿ ಹಿಡಿಯೋದು ಹೇಗೆ ಅಂತ ಕಲಿಸೋರು ಅಪರೂಪ.

ಅದನ್ನ ಕಲಿಸಿದ ಒಬ್ಬ ಸೈನಿಕ ಇದ್ದಾನೆ.

[ಪರದೆ ಮೇಲೆ: ಪಾಂಪ್ಲೋನಾ, ಸ್ಪೇನ್, ಮೇ 1521]

ಲೊಯೋಲಾದ ಇಗ್ನೇಷಿಯಸ್. ಫಿರಂಗಿ ಗುಂಡು ತಾಗಿ ಕಾಲು ಮುರೀತು. ಮೂಳೆ ಕೂಡಿತು, ಆದರೆ ಒಂದು ಕಡೆ ಉಬ್ಬಿಕೊಂಡೇ ಇತ್ತು. ಬಿಗಿಯಾದ ಬೂಟು ಹಾಕಿದ್ರೆ ಅಸಹ್ಯವಾಗಿ ಕಾಣುತ್ತೆ ಅಂತ ಆ ಉಬ್ಬನ್ನ ಗರಗಸದಲ್ಲಿ ಕೊಯ್ಸಿಕೊಂಡ. ಅರಿವಳಿಕೆ ಇಲ್ಲದ ಕಾಲ, ಸ್ವಾಮಿ! ಮುಂದೆ ಸಂತ ಆಗೋ ಮನುಷ್ಯ, ಆಗಿನ ಚಿಂತೆ ಬೂಟಿನದು.

ಹಾಸಿಗೆಯಲ್ಲಿ ಬೇಜಾರಾಗಿ ವೀರರ ರೋಚಕ ಕಥೆಗಳ ಪುಸ್ತಕ ಕೊಡಿ ಅಂತ ಕೇಳಿದ. ಮನೇಲಿ ಒಂದೂ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಹಾಗಾಗಿ ಎರಡು ಥರದ ಹಗಲುಗನಸು ಶುರುವಾಯ್ತು. ಒಂದರಲ್ಲಿ, ತಾನು ಮೆಚ್ಚಿದ ಹೆಂಗಸಿಗಾಗಿ ಸಾಹಸ ಮಾಡೋದು. ಎರಡು, ಮೂರು, ನಾಲ್ಕು ಗಂಟೆ ಅದರಲ್ಲೇ ಮುಳುಗಿರ್ತಿದ್ದ. ಇನ್ನೊಂದರಲ್ಲಿ, ಬರಿಗಾಲಲ್ಲಿ ಜೆರುಸಲೇಮಿಗೆ ಹೋಗೋದು, ಬರೀ ಸೊಪ್ಪು ತಿಂದು ಬದುಕೋದು.

ಇಲ್ಲಿ ಗಮನಿಸಿ. ಎರಡೂ ಕನಸು ಕಾಣೋವಾಗ ಖುಷಿಯೇ. ವ್ಯತ್ಯಾಸ ಬಂದಿದ್ದು ಕನಸು ಮುಗಿದ ಮೇಲೆ. ಮೊದಲನೆಯದು ಮುಗಿದಾಗ ಒಳಗೆಲ್ಲಾ ಒಣ ಒಣ. ಎರಡನೆಯದು ಮುಗಿದ ಮೇಲೂ ತೃಪ್ತಿ ಉಳೀತಿತ್ತು. ಬಹಳ ದಿನ ಅವನಿಗೂ ಇದು ಹೊಳೆದಿರಲಿಲ್ಲ.

ನೆಲ್ಲಿಕಾಯಿ ನೆನಪು ಮಾಡಿಕೊಳ್ಳಿ. ಕಚ್ಚಿದಾಗ ಹುಳಿ, ಒಗರು. ನೀರು ಕುಡಿದ ಮೇಲೆ ಸಿಹಿ. ನಾಲಗೆಯ ಮೊದಲ ತೀರ್ಪನ್ನೇ ನಂಬಿದ್ದರೆ ಉಗುಳಿಬಿಡ್ತಿದ್ರಿ. ಯೋಚನೆಗಳೂ ಹಾಗೇ. ಬಂದ ಕ್ಷಣದ ರುಚಿ ಅಲ್ಲ, ಹೋದ ಮೇಲಿನ ರುಚಿ ನೋಡಬೇಕು. ಒಂದು ತಾಸು ಬಿಟ್ಟು, ಮರುದಿನ, ವಾರ ಕಳೆದ ಮೇಲೆ.

ಇದನ್ನೇ ಬೆಳೆಸಿ ಬರೆದ ಅವನ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ತು. ಅದರಲ್ಲೊಂದು ಹೋಲಿಕೆ ಇದೆ: ಒಳ್ಳೇದರ ಕಡೆ ನಡೀತಿರೋ ಮನಸ್ಸಿಗೆ ಒಳ್ಳೇ ಪ್ರೇರಣೆ ಸ್ಪಂಜಿನೊಳಗೆ ನೀರು ಇಳಿದ ಹಾಗೆ ಮೆತ್ತಗೆ ಬರುತ್ತೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದ ಹನಿಯ ಹಾಗೆ ಸದ್ದು ಮಾಡುತ್ತೆ. ಕೆಟ್ಟದ್ದರ ಕಡೆ ಜಾರ್ತಿರೋ ಮನಸ್ಸಿಗೆ ಇದೇ ಉಲ್ಟಾ! ಹಾಗಾಗಿ "ಮನಸ್ಸಿಗೆ ನೆಮ್ಮದಿ ಅನ್ನಿಸ್ತು, ಅಂದ್ರೆ ದೇವರೇ" ಅನ್ನೋ ವಾದ ನಿಲ್ಲಲ್ಲ. ತಪ್ಪು ದಾರಿಯಲ್ಲಿ ಇರೋನಿಗೆ ದೇವರ ಮಾತೇ ಚುಚ್ಚಬಹುದು.

[ಪರದೆ ಮೇಲೆ: 20 ನಿಮಿಷ, ಒಂದು ನೋಟ್‌ಬುಕ್]

ಈಗ ಕೆಲಸದ ವಿಷಯ. ಪ್ರಶ್ನೆಯನ್ನ ಒಂದೇ ವಾಕ್ಯದಲ್ಲಿ ಬರೀರಿ. "ನನ್ನ ಬದುಕು ಏನಾಗುತ್ತೆ" ಅಂತಲ್ಲ, "ಈ ಕೆಲಸ ಒಪ್ಪಿಕೊಳ್ಳಲಾ, ಬೇಡವಾ" ಅಂತ. ಎರಡು ಮೂರು ನಿಮಿಷ ಉಸಿರಿನ ಮೇಲೆ ಗಮನ ಇಡಿ. ಆಮೇಲೆ ಒಂದೇ ಬೇಡಿಕೆ: ಯಾವ ಉತ್ತರ ಬಂದ್ರೂ ಒಪ್ಪೋ ಮನಸ್ಸು ಕೊಡು. ಬಹುತೇಕರು ಎಡವೋದು ಇಲ್ಲೇ. ಉತ್ತರ ಮೊದಲೇ ಜೇಬಲ್ಲಿ ಇಟ್ಕೊಂಡು ಸಹಿಗೆ ಮಾತ್ರ ದೇವರ ಹತ್ರ ಹೋಗ್ತಾರೆ. ಅದು ಕೇಳೋದಲ್ಲ, ಫೈಲ್ ಮೂವ್ ಮಾಡಿಸೋದು. ಆ ಮನಸ್ಸು ಬರಲಿಲ್ಲ ಅಂದ್ರೆ ಅವತ್ತು ಪ್ರಶ್ನೆ ಕೇಳಬೇಡಿ, ಆ ಮನಸ್ಸನ್ನಷ್ಟೇ ಬೇಡಿ.

ಉಳಿದ ಹದಿನೈದು ನಿಮಿಷ ಮೌನ. ಮನಸ್ಸು ಓಡುತ್ತೆ, ವಾಪಸ್ ಕರೀರಿ. ಐವತ್ತು ಸಲ ಓಡಿದ್ರೆ ಐವತ್ತು ಸಲ.

ಕಣ್ಣು ತೆರೆದ ತಕ್ಷಣ ಬರೀರಿ. ಪುಟದ ಮಧ್ಯೆ ಒಂದು ಅಡ್ಡಗೆರೆ ಎಳೀರಿ. ಮೇಲೆ, ಮೌನದಲ್ಲಿ ಬಂದಿದ್ದು. ಕೆಳಗೆ, ಆಮೇಲೆ ನೀವು ಸೇರಿಸಿದ್ದು. ಇಗ್ನೇಷಿಯಸ್ ಕೊಟ್ಟ ಎಚ್ಚರಿಕೆ ಇದೇ: ಪ್ರೇರಣೆ ನಿಜವೇ ಇರಬಹುದು, ಅದರ ಬೆಚ್ಚನೆ ಇನ್ನೂ ಇರೋವಾಗ ನಾವು ಹಾಕೋ ಯೋಜನೆ ಮಾತ್ರ ನಮ್ಮದೇ. ಮೇಲೆ "ಕ್ಷಮಿಸು" ಅಂತ ಒಂದೇ ಪದ ಇರುತ್ತೆ. ಕೆಳಗೆ ಯಾವತ್ತು ಫೋನ್ ಮಾಡೋದು, ಏನು ಹೇಳೋದು, ಅವರು ಹೇಗೆ ಅಳ್ತಾರೆ ಅಂತ ಪೂರ್ತಿ ಸಿನಿಮಾ!

ದೊಡ್ಡ ನಿರ್ಧಾರ ಆದ್ರೆ ಮೂರು ದಿನ "ಒಪ್ಪಿಕೊಂಡಾಯ್ತು" ಅಂದುಕೊಂಡು ಬದುಕಿ, ಯಾರಿಗೂ ಹೇಳದೆ. ಇನ್ನು ಮೂರು ದಿನ "ಬೇಡ ಅಂದಾಯ್ತು" ಅಂತ. ಪ್ರತಿ ರಾತ್ರಿ, ಏನು ಉಳೀತು ಅಂತ ಎರಡು ಸಾಲು.

ಮನಸ್ಸು ಕುಗ್ಗಿ, ಪ್ರಾರ್ಥನೆ ಒಣಗಿದ ದಿನ? ಹಿಂದಿನ ನಿರ್ಧಾರ ಬದಲಾಯಿಸಬೇಡಿ. ಇಗ್ನೇಷಿಯಸ್ ಹೇಳೋ ಪ್ರಾರ್ಥನೆ ಒಂದು ಗಂಟೆಯದು; ಅಂಥ ದಿನ ಆ ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಕೂರು ಅಂತಾನೆ. ಹಠ ಅಂದ್ರೆ ಹಠ.

[ಪಕ್ಕದಿಂದ ಟೈಮರ್ ಶಬ್ದ]

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ಇಸ್ಲಾಮಿನಲ್ಲಿ ನಿರ್ಧಾರಕ್ಕೆ ಮುಂಚೆ ದೇವರ ದಾರಿ ಕೇಳೋ ಪ್ರಾರ್ಥನೆ ಇಸ್ತಿಖಾರಾ: ಎರಡು ರಕಾತ್ (ಅಂದ್ರೆ ಎರಡು ಸುತ್ತು) ನಮಾಜ್, ಆಮೇಲೊಂದು ದುಆ, ಅಂದ್ರೆ ಬೇಡಿಕೆ. ಇದು ಒಳ್ಳೇದಾದ್ರೆ ಸುಲಭ ಮಾಡು, ಕೆಟ್ಟದಾದ್ರೆ ಇದನ್ನ ನನ್ನಿಂದ, ನನ್ನನ್ನ ಇದರಿಂದ ದೂರ ಮಾಡು. ಕನಸಲ್ಲಿ ಉತ್ತರ ಬರುತ್ತೆ ಅಂತ ಎಷ್ಟೋ ಜನ ಕಾಯ್ತಾರೆ, ಆದರೆ ಇದನ್ನ ಹೇಳೋ ಹದೀಸ್‌ನಲ್ಲಿ, ಅಂದ್ರೆ ಬುಖಾರಿ ಸಂಗ್ರಹದಲ್ಲಿರೋ ಪ್ರವಾದಿಯ ಮಾತಿನಲ್ಲಿ, ಕನಸಿನ ಸುದ್ದಿಯೇ ಇಲ್ಲ. ಸಾಕ್ರಟೀಸನ ಒಳದನಿ "ಬೇಡ" ಅಂತ ತಡೀತಿತ್ತೇ ಹೊರತು "ಮಾಡು" ಅಂತ ಯಾವತ್ತೂ ಹೇಳಲಿಲ್ಲ. ಕ್ವೇಕರ್‌ಗಳು ಅನ್ನೋ ಕ್ರೈಸ್ತ ಪಂಗಡದವರು ಒಬ್ಬರ ಸುತ್ತ ನಾಲ್ಕಾರು ಜನ ಕೂತು ಬರೀ ಪ್ರಶ್ನೆ ಕೇಳ್ತಾರೆ, ಸಲಹೆ ನಿಷಿದ್ಧ. ಎರಡನೇ ಕಿವಿ ಬೇಕೇ ಬೇಕು: ಬೈಬಲಿನಲ್ಲಿ ಬಾಲಕ ಸಮುವೇಲ ದೇವರ ಕರೆಯನ್ನ ಮೂರು ಸಲವೂ ಗುರು ಏಲಿಯ ದನಿ ಅಂದುಕೊಂಡು ಓಡಿದ. ಗುರುತು ಹಿಡಿದದ್ದು ಏಲಿ.

ಒಂದು ಮಾತು ತಮಾಷೆಯಲ್ಲ. ನಿಮಗೆ ಅಥವಾ ಬೇರೆಯವರಿಗೆ ಹಾನಿ ಮಾಡು ಅನ್ನೋ ದನಿ ಕೇಳಿಸ್ತಿದ್ರೆ ನೋಟ್‌ಬುಕ್ ಮುಚ್ಚಿ, ಅವತ್ತೇ ಡಾಕ್ಟರ ಹತ್ರ ಹೋಗಿ.

ಆಮೇಲೆ ಪೆನ್ನು. ಕೂರೋಕೆ ಮುಂಚೆನೇ ಪಕ್ಕದಲ್ಲಿ ಇಟ್ಕೊಳ್ಳಿ, ಮೊಬೈಲಲ್ಲಿ ಬರ್ಕೊಳ್ತೀನಿ ಅಂತ ತೆಗೆದ್ರೆ ಗೆರೆಯ ಮೇಲಿನ ಸಾಲು ಬರೆಯೋ ಮೊದಲೇ ಮೂರು ನೋಟಿಫಿಕೇಶನ್ ಓದಿರ್ತೀರಿ.