ಹಿಮಕರಡಿಯ ಮುಳುಗಡೆ

ಸಾಗರ ಊರಿನ ಬಂಧುಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ನಮಸ್ಕಾರ.

ಮೊದಲೇ ಒಂದು ತಕರಾರು. ಹೊರಗೆ ಅಂಟಿಸಿರುವ ಪೋಸ್ಟರಿನಲ್ಲಿ ಹಿಮಕರಡಿಯ ಪಕ್ಕ ಪೆಂಗ್ವಿನ್ ನಿಂತಿದೆ. ಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್ ದಕ್ಷಿಣದಲ್ಲಿ. ಈ ಜನ್ಮದಲ್ಲಿ ಅವೆರಡೂ ಎದುರಾಗುವುದಿಲ್ಲ. ಚಿತ್ರ ಬರೆದ ಹುಡುಗ ಇಲ್ಲೇ ಎಲ್ಲೋ ಕೂತಿದ್ದಾನೆ. ಬೇಜಾರಾಗಬೇಡ ಮಾರಾಯ, ಕರಡಿ ಚೆನ್ನಾಗಿ ಬಂದಿದೆ.

ನಮ್ಮ ಕಾಡಿನ ಕರಡಿ ಗೆದ್ದಲು, ಜೇನು, ಹಣ್ಣು ಎಂದು ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯುತ್ತದೆ. ಹಿಮಕರಡಿಗೆ ಅದು ಸಾಲದು. ಅದಕ್ಕೆ ಬೇಕಾದದ್ದು ಸೀಲ್ ಪ್ರಾಣಿಯ ಕೊಬ್ಬು. ನೀರಿನಲ್ಲಿ ಅಟ್ಟಿಸಿಕೊಂಡು ಹೋದರೆ ಸೀಲ್ ಸಿಗುವುದು ಅಪರೂಪ. ಆದರೆ ಉಸಿರಾಡಲು ಅದು ಮಂಜಿನ ತೂತಿಗೆ ಬರಲೇಬೇಕು. ಕೆರೆ ಏರಿಯ ಮೇಲೆ ಗಾಳ ಹಾಕಿ ಕೂತವರ ಹಾಗೆ ಕರಡಿ ಆ ತೂತಿನ ಪಕ್ಕ ಗಂಟೆಗಟ್ಟಲೆ ಅಲುಗದೆ ಕಾಯುತ್ತದೆ. ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಂಜೇ ಅದರ ಗದ್ದೆ.

ನಮ್ಮ ಅಟ್ಟದ ಲೆಕ್ಕದಲ್ಲಿ ಹೇಳುತ್ತೇನೆ. ಜಡಿಮಳೆ ಹಿಡಿಯುವ ಮೊದಲು ನಮ್ಮಮ್ಮಂದಿರು ಹಲಸಿನ ಹಪ್ಪಳ, ಉಪ್ಪಿನಕಾಯಿ, ಒಣಗಿಸಿದ ಅಡಿಕೆ ಹಾಳೆ, ಸೌದೆ ಎಲ್ಲ ಕೂಡಿಡುತ್ತಿದ್ದರು. ಹಿಮಕರಡಿಯ ಅಟ್ಟ ಅದರ ಚರ್ಮದ ಕೆಳಗಿದೆ. ವಸಂತದಲ್ಲಿ ಸೀಲ್ ತಿಂದು ಕೊಬ್ಬು ತುಂಬಿಕೊಂಡು, ಮಂಜು ಕರಗಿದ ತಿಂಗಳುಗಳನ್ನು ದಡದಲ್ಲಿ ಕಳೆಯಬೇಕು. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮದಲ್ಲಿ ಮಂಜಿಲ್ಲದ ಅವಧಿ ಹಿಂದಿಗಿಂತ ಸುಮಾರು ಮೂರು ವಾರ ಉದ್ದವಾಗಿದೆ. ಅಟ್ಟ ತುಂಬಿಸುವ ದಿನ ಕಡಿಮೆ, ಮಳೆಗಾಲ ಮಾತ್ರ ಉದ್ದ! ಅಲ್ಲಿ 1987ರಲ್ಲಿ ಸುಮಾರು 1,200 ಕರಡಿಗಳಿದ್ದವು. 2016ರಲ್ಲಿ 842, 2021ರಲ್ಲಿ 618.

'ಹಸಿವಾದರೆ ಬೇರೇನಾದರೂ ತಿನ್ನಲಿ' ಎನ್ನುವವರಿದ್ದಾರೆ. ಅದನ್ನೂ ನೋಡಿಯಾಗಿದೆ. ಅಲ್ಲಿಯ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿದರು. ಕೆಲವು ಹಣ್ಣು ತಿಂದವು, ಹಕ್ಕಿ ತಿಂದವು, ಕೆಲವು ಸುಮ್ಮನೆ ಬಿದ್ದುಕೊಂಡವು. 19 ಕರಡಿಗಳ ತೂಕ ಇಳಿಯಿತು, ಸರಾಸರಿ ದಿನಕ್ಕೆ ಒಂದು ಕಿಲೋ.

ಎಲ್ಲ ಕಡೆಯೂ ಹೀಗೇ ಎಂದರೆ ಸುಳ್ಳಾದೀತು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಕರಡಿಗಳು ಸದ್ಯಕ್ಕೆ ಮೈತುಂಬಿಕೊಂಡೇ ಇವೆ. ಒಟ್ಟು ಸಂಖ್ಯೆ ಸುಮಾರು 26,000 ಎಂಬ ಅಂದಾಜಿದೆ. ನಾಳೆ ಬೆಳಗ್ಗೆ ಅಳಿದುಹೋಗುತ್ತವೆ ಎಂದು ಹೆದರಿಸುವ ಭಾಷಣ ನನಗೆ ಬರುವುದಿಲ್ಲ.

ಒಂದು ಕಾಲಕ್ಕೆ ದೊಡ್ಡ ಭಯ ಕೋವಿಯದ್ದು. ಶೋಕಿಗೆಂದು ವಿಮಾನದಲ್ಲಿ ಹೋಗಿ ಹೊಡೆಯುತ್ತಿದ್ದರು. 1973ರಲ್ಲಿ ಕರಡಿಗಳಿರುವ ಐದೂ ದೇಶಗಳು ಓಸ್ಲೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರದ ನಡುವೆ ಅಮೆರಿಕ, ರಷ್ಯಾ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಸಣ್ಣ ಮಾತಲ್ಲ. ಇವತ್ತಿಗೂ ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಟ್ ಜನ ಬೇಟೆಯಾಡುತ್ತಾರೆ, ಕೆನಡಾದಲ್ಲಿ ಬಹುಪಾಲು ಅದಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯಿದೆ. ಅವರನ್ನು ಬೈಯುವುದು ಸುಲಭ, ಆದರೆ ನನಗೆ ಅದು ಸರಿ ಕಾಣುವುದಿಲ್ಲ. ಕರಡಿಯ ಕಾಲ ಕೆಳಗಿನ ಮಂಜನ್ನು ಕರಗಿಸಿದವರು ಅವರಲ್ಲ.

ಹಿರಿಯರಿಗೆ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ ನೆನಪಿರಬೇಕು. ಗದ್ದೆಗೆ ಬರಿಗೈಯಲ್ಲಿ ಎರಚುತ್ತಿದ್ದೆವು, ವಾಸನೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. 1997ರಲ್ಲಿ ಸರ್ಕಾರ ನಿಷೇಧಿಸಿತು. ಬಿಸಿಲಿಗೆ ಆವಿಯಾಗಿ ಗಾಳಿ ಸೇರಿ, ತಣ್ಣನೆಯ ಕಡೆ ಹೋಗಿ ಇಳಿಯುವ ಗುಣ ಆ ವಿಷಕ್ಕಿದೆ. ಸಮುದ್ರದಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಕರಡಿಗೆ. ಹಿಮಕರಡಿಯ ಕೊಬ್ಬಿನಲ್ಲಿ ಅದು ಸಿಕ್ಕಿದೆ. ಅದರಲ್ಲಿ ನಮ್ಮ ಗದ್ದೆಯದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಈ ಪುಡಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬಳಸಿದ ದೇಶಗಳಲ್ಲಿ ನಮ್ಮದೂ ಒಂದು.

ಇನ್ನು ಕಸ. 2019ರ ಫೆಬ್ರವರಿಯಲ್ಲಿ ರಷ್ಯಾದ ನೊವಾಯಾ ಜೆಮ್ಲ್ಯಾ ದ್ವೀಪದ ಒಂದು ಊರಿನ ಸುತ್ತ 50ಕ್ಕೂ ಹೆಚ್ಚು ಕರಡಿಗಳು ಸೇರಿದವು, ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ತಿಪ್ಪೆ ಕೆದಕಲು ಬಂದ ಕರಡಿ ಮನೆ ಬಾಗಿಲಿಗೂ ಬರುತ್ತದೆ. ಊರಂಚಿನ ನಾಯಿಗಾಗಿ ಚಿರತೆ ಬರುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಊರಿನಲ್ಲಿ ಮುಳುಗಡೆ ಎಂದರೆ ಅರ್ಥ ಕೇಳುವವರಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು, ಊರುಗಳು ಹೋದವು, ಎಲ್ಲೋ ದೂರದಲ್ಲಿ ದೀಪ ಹತ್ತಿತು. ಸ್ವಿಚ್ ಒತ್ತಿದವರು ಯಾರ ಮನೆಯನ್ನೂ ಮುಳುಗಿಸಲು ಹೊರಟವರಲ್ಲ. ಹಾಗೆಂದು ಮನೆ ಉಳಿಯಲಿಲ್ಲ. ಇಲ್ಲಿಯವರಿಗೆ ಹಕ್ಕುಪತ್ರ ಕೇಳಲು ಕಚೇರಿಯಾದರೂ ಇತ್ತು, ಸಿಕ್ಕಿತೋ ಇಲ್ಲವೋ ಅದು ಬೇರೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಹೊಗೆಯಿಂದ ಉತ್ತರ ಧ್ರುವ ಪ್ರದೇಶ ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆ. ಕೋವಿಯಾದರೆ ಐದು ದೇಶ ಕೂತು ಕೆಳಗಿಳಿಸಿದವು. ಹೊಗೆಗೆ ಅಷ್ಟು ಜನ ಸಾಲದು.

2008ರಲ್ಲಿ ಅಲಾಸ್ಕಾದ ಉತ್ತರಕ್ಕೆ ಬ್ಯೂಫೋರ್ಟ್ ಸಮುದ್ರದಲ್ಲಿ, ರೇಡಿಯೋ ಪಟ್ಟಿ ಕಟ್ಟಿದ್ದ ಒಂದು ಹೆಣ್ಣು ಕರಡಿ ಮಂಜು ಹುಡುಕುತ್ತ ಒಂಬತ್ತು ದಿನ ಬಿಡದೆ 687 ಕಿಲೋಮೀಟರ್ ಈಜಿತು. ಪಟ್ಟಿ ಕಟ್ಟಿದ ಎರಡು ತಿಂಗಳ ನಂತರ ಅದನ್ನು ಮತ್ತೆ ಹಿಡಿದು ತೂಗಿದರು. ಮೈತೂಕದಲ್ಲಿ ನೂರಕ್ಕೆ 22 ಪಾಲು ಕರಗಿತ್ತು. ಮೊದಲ ಸಲ ಹಿಡಿದಾಗ ಜೊತೆಗೆ ಒಂದು ವರ್ಷದ ಮರಿಯಿತ್ತು. ಈಗ ತಾಯಿ ಒಂದೇ ಇತ್ತು.