ರಜೆ ಹಾಕಿದರೂ ಇಳಿಯದ ದಣಿವು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ನರ್ಸ್, ಆಶಾ ಕಾರ್ಯಕರ್ತೆಯರ ದಣಿವಿನ ಬಗ್ಗೆ.

ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ಆ ಸೀಸೆಗೆ ನಾಲ್ಕೇ ಗಂಟೆ ಆಯುಸ್ಸು. ಹಾಗಾಗಿ ಲಸಿಕೆಯ ದಿನವಾದ ಬುಧವಾರ ಬಂತೆಂದರೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಾಗಲಿ ಬೆಳ್ಳೂರಿನಲ್ಲಾಗಲಿ ಉಪಕೇಂದ್ರದ ನರ್ಸಿಗೆ ಗಡಿಯಾರದ ಮೇಲೆಯೇ ಕಣ್ಣು. ಬಾರದ ಮಕ್ಕಳ ಮನೆಗೆ ಆಶಾ ಕಾರ್ಯಕರ್ತೆ ಫೋನು ಮಾಡುತ್ತಲೇ ಇರಬೇಕು. ತಾಯಂದಿರೊಡನೆ ತುಳು, ಕನ್ನಡ. ಮೇಲಿಂದ ಬರುವ ಸುತ್ತೋಲೆ ಮಲಯಾಳದಲ್ಲಿ. ಬರೆದದ್ದನ್ನೇ ರಿಜಿಸ್ಟರಿಗೊಮ್ಮೆ, ಮೊಬೈಲಿಗೊಮ್ಮೆ.

ಇಂಥ ದಣಿವು ಒಂದು ಭಾನುವಾರ ಮಲಗಿದರೆ ಇಳಿಯುತ್ತದೆ. ಇಳಿಯದೆ ಕೂತರೆ ಅದು ಬರ್ನೌಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿತು, ರೋಗ ಎನ್ನಲಿಲ್ಲ. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದ ಮೇಲೆ ತಾತ್ಸಾರ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ.

ಎರಡನೆಯದು ರಿಜಿಸ್ಟರಿನಲ್ಲೇ ಕಾಣುತ್ತದೆ. ಬಿಪಿ ಕಾಲಮಿನಲ್ಲಿ ಮೇಲಿಂದ ಕೆಳಗೆ ಬರೀ 120/80 ಇದ್ದರೆ ಅಳೆಯುವುದು ನಿಂತಿದೆ ಎಂದರ್ಥ. ಮೆಮೋ ಕೊಡುವುದು ಸುಲಭ. ಅದಕ್ಕೆ ಮೊದಲು ಕೇಳಬೇಕಾದದ್ದು: ಆ ದಿನ ಅವರಿಗೆ ಎಷ್ಟು ಮನೆಗೆ ಹೋಗಲು ಹೇಳಿದ್ದಿರಿ, ನಡುವೆ ಎಷ್ಟು ಗುಡ್ಡ, ಉಪಕರಣಕ್ಕೆ ಬ್ಯಾಟರಿ ಇತ್ತೇ?

ಮೂರನೆಯದು ನಮ್ಮ ಕಡೆ ಇನ್ನೂ ಗಟ್ಟಿ. ಎಣ್ಮಕಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ವರ್ಷಗಟ್ಟಲೆ ಹೋದರೂ ರೋಗಿ ಎದ್ದು ಕೂರುವುದಿಲ್ಲ. ಗುಣವಾಯಿತೇ ಎಂಬುದೇ ಅಳತೆಯಾದರೆ ಪಾಲಿಯೇಟಿವ್ ನರ್ಸ್, ಅಂದರೆ ಗುಣವಾಗದವರ ನೋವು ತಗ್ಗಿಸುವ ಆರೈಕೆಯ ನರ್ಸ್, ದಿನಾ ಸೋತಂತೆಯೇ. ಬೆನ್ನಿನ ಹುಣ್ಣು ಎಷ್ಟು ಸೆಂಟಿಮೀಟರ್ ಕಿರಿದಾಯಿತು, ಮನೆಯವರು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತಾರೋ, ಇದನ್ನು ಬರೆದಿಡಲಿ. ಆಗ ಮಾಡಿದ ಕೆಲಸ ಕಣ್ಣಿಗೆ ಬೀಳುತ್ತದೆ.

ಕೆಲಸದಲ್ಲಿ ತೃಪ್ತಿ ಇರುವವರು ಇದರಿಂದ ಪಾರು ಎಂದುಕೊಳ್ಳಬೇಡಿ. ಕೆಲಸದ ಮೇಲಿನ ಪ್ರೀತಿಯಿಂದ 'ಆಗದು' ಎನ್ನಲು ಬಾರದವರ ಮೇಲೆಯೇ ಇನ್ನೊಬ್ಬರ ಕೆಲಸವೂ ಬಂದು ಬೀಳುವುದು.

ಗೌರವಧನದ ಪ್ರಶ್ನೆ ಆರೋಗ್ಯ ಕೇಂದ್ರದೊಳಗೆ ಬಗೆಹರಿಯದು. 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಆಶಾ ಕಾರ್ಯಕರ್ತೆಯರು ತಿಂಗಳುಗಟ್ಟಲೆ ಕೂತದ್ದು ಅದಕ್ಕೇ. ಆದರೆ ವೈದ್ಯಾಧಿಕಾರಿಯ ಕೈಯಲ್ಲಿರುವುದೂ ಕಡಿಮೆಯೇನಲ್ಲ. ತಿಂಗಳ ಮೀಟಿಂಗಿನಲ್ಲಿ ಒಂದು ಹಾಳೆ ತೆಗೆದು, ಯಾವ ವರದಿ, ಬರೆಯಲು ಎಷ್ಟು ಹೊತ್ತು, ಓದುವವರು ಯಾರು ಎಂದು ಬರೆಯಿರಿ. ಕೇಂದ್ರದಲ್ಲೇ ಶುರುವಾಗಿ ಯಾರೂ ಓದದ ವರದಿಯನ್ನು ಅಲ್ಲೇ ನಿಲ್ಲಿಸಿ. ಸಂಜೆ ಆರರ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ತುರ್ತಲ್ಲದ ಸಂದೇಶ ಬೇಡ. ರಜೆ ಹೋಗುವವರ ಬದಲಿಗೆ ಯಾರು ಎಂದು ಮೊದಲೇ ಗೊತ್ತುಮಾಡಿ. ಇಲ್ಲವಾದರೆ ಎರಡು ದಿನದ ಕೆಲಸ ಮೇಜಿನ ಮೇಲೆ ಕಾದಿರುತ್ತದೆ, ರಜೆ ಹಾಕಿದ್ದೂ ವ್ಯರ್ಥ.

ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಹೊರಡುವ ಹೊತ್ತಿಗೇ ಅಳು, ಇವು ಎರಡು ವಾರ ದಾಟಿದರೆ ಖಿನ್ನತೆಯೂ ಇರಬಹುದು. ಆಗ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲೂ ರಾತ್ರಿಯೂ ಉಚಿತ. ನಮಸ್ಕಾರ.