ಎಷ್ಟು ಅಂತ ಕೇಳಿ: ಸದನದಲ್ಲಿ ಶಿಕ್ಷಣ, ರಕ್ಷಣೆ ಮತ್ತು ಮಂತ್ರಿಗಳ ಉತ್ತರ

ಕೇಳುಗರೆಲ್ಲರಿಗೂ ನಮಸ್ಕಾರ. ಸದನದಲ್ಲಿ ಪ್ರಶ್ನೆ ಕೇಳಿದಾಗ ಮಂತ್ರಿಗಳು ಕೊಡೋ ಉತ್ತರದ ಬಗ್ಗೆ, ಅದರಲ್ಲೂ ಶಿಕ್ಷಣ ಮತ್ತೆ ರಕ್ಷಣೆ ಈ ಎರಡು ಖಾತೆ ಬಗ್ಗೆ ಮಾತಾಡಿ ಅಂತ ನಿಲಯದವರು ಕರೆದಿದ್ದಾರೆ. ಸಚಿವಾಲಯದಲ್ಲಿ ಇದ್ದಾಗ ನಾನು ಬಹಳ ವರ್ಷ ಮಾಡಿದ್ದು ಇದೇ ಕೆಲಸ, ಶಾಸಕರ ಪ್ರಶ್ನೆಗೆ ಉತ್ತರ ಬರೆದು ಮಂತ್ರಿಗಳ ಸಹಿಗೆ ಕಳಿಸೋದು. ಹಾಗಾಗಿ ನಾನು ಹೇಳೋದು ಒಂದೇ ವಿಷಯ, ಈ ಹದಿನೈದು ನಿಮಿಷದಲ್ಲಿ ಅದನ್ನೇ ನಾಲ್ಕು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಂತ್ರಿಗಳನ್ನ ಎಷ್ಟು ಅಂತ ಕೇಳಬೇಕು. ಎಷ್ಟು, ಎಲ್ಲಿ, ಯಾವಾಗಿಂದ. ಬೇರೆ ಏನೇ ಕೇಳಿದ್ರೂ ಸಿಗೋದು ಭಾಷಣ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಸುಲಭವಾಗಿ ಹೇಳಿಬಿಡ್ತೀನಿ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ. ರಾಜ್ಯಸಭೆಯಲ್ಲಿ ಇದನ್ನ 2014ರಲ್ಲಿ ಮಧ್ಯಾಹ್ನ 12ಕ್ಕೆ ಹಾಕಿದ್ರು. ಪ್ರಶ್ನೆಯಲ್ಲಿ ಎರಡು ಥರ. ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದ್ದು. ಸದಸ್ಯರು 15 ದಿನ ಮೊದಲೇ ನೋಟಿಸ್ ಕೊಡಬೇಕು, ಯಾರ ಪ್ರಶ್ನೆ ಮೊದಲು ಬರುತ್ತೆ ಅನ್ನೋದು ಲಾಟರಿ ಎತ್ತಿ ತೀರ್ಮಾನ ಆಗುತ್ತೆ. ಗಂಟೆ ಮುಗಿಯೋದ್ರೊಳಗೆ ಬಾಯಲ್ಲಿ ಉತ್ತರ ಸಿಗೋದು ಕೆಲವಕ್ಕೆ ಮಾತ್ರ, ಉಳಿದವು ಕಾಗದದ ಮೇಲೆ ಬರ್ತವೆ. ಟಿವಿಯವರು ತೋರಿಸೋದು ಗಲಾಟೆ ಮಾತ್ರ, ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಕೂಗೋದು, ಸಭಾಧ್ಯಕ್ಷರು ಎದ್ದು ನಿಲ್ಲೋದು. ಆ ಕಾಗದಗಳನ್ನ ಯಾರೂ ತೋರಿಸಲ್ಲ, ಆದ್ರೆ ಸರಕು ಇರೋದು ಅಲ್ಲೇ.

ಈಗ ನಮ್ಮ ವಿಧಾನಸೌಧಕ್ಕೆ ಬನ್ನಿ. ಇಲ್ಲಿ ವಿಧಾನಸಭೆಯಿಂದ ಇಲಾಖೆಗೆ ಪ್ರಶ್ನೆ ಬಂತು ಅಂದ್ರೆ ಅದಕ್ಕೆ ಎಲ್‌ಎಕ್ಯೂ ಅಂತೀವಿ, ವಿಧಾನ ಪರಿಷತ್ತಿಂದ ಬಂದ್ರೆ ಎಲ್‌ಸಿಕ್ಯೂ. ಶಾಲೆ ಬಗ್ಗೆ ಒಂದು ಎಲ್‌ಎಕ್ಯೂ ಬಂತು ಅಂದ್ರೆ ಸಚಿವಾಲಯದಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರು, ಅಂದ್ರೆ ಡಿಡಿಪಿಐಗೆ, ಡಿಡಿಪಿಐಯಿಂದ ತಾಲೂಕಿನ ಶಿಕ್ಷಣಾಧಿಕಾರಿ ಬಿಇಓಗೆ, ಬಿಇಓ ಆಫೀಸಿಂದ ಒಂದಷ್ಟು ಶಾಲೆ ನೋಡ್ಕೊಳ್ಳೋ ಸಿಆರ್‌ಪಿಗೆ, ಸಿಆರ್‌ಪಿಯಿಂದ ಮುಖ್ಯ ಶಿಕ್ಷಕರ ಮೊಬೈಲಿಗೆ ಮೆಸೇಜ್ ಹೋಗುತ್ತೆ, ಇವತ್ತು ಸಂಜೆ ಒಳಗೆ ಮಾಹಿತಿ ಕಳಿಸಿ, ಸದನದ ವಿಷಯ, ತುರ್ತು ಅಂತ. ಹಳ್ಳಿ ಶಾಲೆಯ ಮೇಷ್ಟ್ರು ಪಾಠ ನಿಲ್ಲಿಸಿ ಲೆಕ್ಕ ಕೊಡ್ತಾರೆ, ಆ ಲೆಕ್ಕ ಅದೇ ಮೆಟ್ಟಿಲು ಹತ್ತಿಕೊಂಡು ಮೇಲಕ್ಕೆ ಬಂದು ಮಂತ್ರಿಗಳ ಕೈಗೆ ಬರುತ್ತೆ. ಜೊತೆಗೆ ಒಂದು ಟಿಪ್ಪಣಿನೂ ಹೋಗುತ್ತೆ, ಉಪಪ್ರಶ್ನೆ ಏನೇನು ಬರಬಹುದು, ಬಂದ್ರೆ ಏನು ಹೇಳಬೇಕು ಅಂತ. ಅಧಿಕಾರಿಗಳು ಗ್ಯಾಲರಿಯಲ್ಲಿ ಫೈಲ್ ಇಟ್ಕೊಂಡು ಕೂತಿರ್ತಾರೆ, ಮಂತ್ರಿಗಳು ತಡವರಿಸಿದ್ರೆ ಚೀಟಿ ಕಳಿಸ್ತಾರೆ. ಒಬ್ಬ ಶಾಸಕರು ಒಂದು ಪುಟದ ಪ್ರಶ್ನೆ ಹಾಕಿದ್ದಕ್ಕೆ ಇಷ್ಟು ದೊಡ್ಡ ಇಲಾಖೆ ಎದ್ದು ಕೂರುತ್ತೆ ನೋಡಿ, ಇದಕ್ಕಿಂತ ದೊಡ್ಡ ಅಧಿಕಾರ ಇನ್ನೇನು ಬೇಕು?

ಆದ್ರೆ ಆ ಅಧಿಕಾರ ಹೇಗೆ ಹಾಳಾಗುತ್ತೆ ಅಂತ ಹೇಳ್ತೀನಿ. ನಮ್ಮಲ್ಲಿ ಪ್ರಶ್ನೆಗಳನ್ನ ಅ, ಆ, ಇ, ಈ ಅಂತ ಭಾಗ ಮಾಡಿ ಬರೀತಾರೆ. ಅ) ಶಾಲೆಗಳಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಇದಕ್ಕೆ ಉತ್ತರ ಬರೆಯೋದು ಗುಮಾಸ್ತರಿಗೆ ಎರಡು ನಿಮಿಷದ ಕೆಲಸ. ಅ) ಬಂದಿದೆ. ಆ) ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುತ್ತಿದೆ. ಇಲ್ಲಾಂದ್ರೆ ಇನ್ನೂ ಸುಲಭ. ಅ) ಬಂದಿರುವುದಿಲ್ಲ. ಆ) ಉದ್ಭವಿಸುವುದಿಲ್ಲ. ಮುಗೀತು, ಮುಂದಿನ ಫೈಲು. ಅದೇ ಶಾಸಕರು, ನನ್ನ ತಾಲೂಕಿನಲ್ಲಿ ಒಬ್ಬರೇ ಶಿಕ್ಷಕರು ಇರೋ ಶಾಲೆ ಎಷ್ಟು, ಯಾವ ಯಾವ ಊರಲ್ಲಿವೆ, ಆ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ ಅಂತ ಕೇಳಿದ್ರೆ? ಆಗ ಬಂದಿದೆ, ಬಂದಿಲ್ಲ ಅನ್ನೋಕೆ ಆಗಲ್ಲ. ಊರಿನ ಹೆಸರು ಬರೀಲೇಬೇಕು, ಸಂಖ್ಯೆ ಬರೀಲೇಬೇಕು, ಮಂತ್ರಿಗಳು ಅದಕ್ಕೆ ಸಹಿ ಹಾಕಲೇಬೇಕು. ಸದನದಲ್ಲಿ ತಪ್ಪು ಲೆಕ್ಕ ಕೊಟ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ, ಅಂತ ಎಳೀತಾರೆ ಅನ್ನೋ ಭಯ ಪ್ರತಿ ಅಧಿಕಾರಿಗೂ ಇರುತ್ತೆ. ಅದಕ್ಕೇ ಹೇಳ್ತಿರೋದು, ಎಷ್ಟು ಅಂತ ಕೇಳಿ.

ರಕ್ಷಣೆ ವಿಷಯ ಸ್ವಲ್ಪ ಬೇರೆ. ರಕ್ಷಣೆ ಪೂರ್ತಿ ಕೇಂದ್ರದ್ದು, ನಮ್ಮ ವಿಧಾನಸಭೆಯಲ್ಲಿ ಕೇಳೋ ಹಾಗಿಲ್ಲ. ಶಿಕ್ಷಣ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಆದ್ಮೇಲೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಗೆ ಬಂತು, ಹಾಗಾಗಿ ಬೆಂಗಳೂರಲ್ಲೂ ಕೇಳಬಹುದು, ಡೆಲ್ಲಿಯಲ್ಲೂ ಕೇಳಬಹುದು. ಆಮೇಲೆ ರಕ್ಷಣೆಯಲ್ಲಿ ಮಂತ್ರಿಗಳಿಗೆ ಒಂದು ಬಾಗಿಲು ಇದೆ, ರಾಷ್ಟ್ರದ ಭದ್ರತೆ ದೃಷ್ಟಿಯಿಂದ ಮಾಹಿತಿ ಕೊಡಲಾಗದು ಅಂತ. ರಹಸ್ಯದ ವಿಷಯ ಕೇಳಬಾರದು ಅಂತ ಲೋಕಸಭೆಯ ನಿಯಮದಲ್ಲೇ ಇದೆ. ಸರಿ, ಯಾವ ಬೆಟ್ಟದ ಮೇಲೆ ಎಷ್ಟು ಫಿರಂಗಿ ಇದೆ ಅಂತ ಯಾರೂ ಕೇಳಬೇಕಾಗಿಲ್ಲ. ಆದ್ರೆ ಆ ಬಾಗಿಲಿನ ಹಿಂದೆ ಬೇರೆ ಸಂಗತಿಗಳೂ ಬಚ್ಚಿಟ್ಕೊಂಡುಬಿಡ್ತವೆ. ಅದಕ್ಕೆ ನಾನು ಯಾವಾಗ್ಲೂ ಹೇಳೋ ಒಂದು ಉದಾಹರಣೆ ಇದೆ, 1959ರದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕೊಡಗಿನವರೊಬ್ಬರೂ ಇದರಲ್ಲಿ ಬರ್ತಾರೆ.

ಲಡಾಖಿನ ಅಕ್ಸಾಯ್ ಚಿನ್ ಕೇಳಿರ್ತೀರಿ. ತಮ್ಮ ಸಿಂಕಿಯಾಂಗ್ ಪ್ರಾಂತ್ಯದಿಂದ ಟಿಬೆಟ್ಟಿಗೆ ಹೋಗೋಕೆ ಚೀನಾದವರು ಅದರ ಮೇಲೆ ಒಂದು ರಸ್ತೆ ಹಾಕಿಬಿಟ್ರು. ಗುಟ್ಟಾಗಿ ಏನಲ್ಲ, ರಸ್ತೆ ಮುಗೀತು ಅಂತ 1957ರಲ್ಲಿ ಅವರ ಪತ್ರಿಕೆಗಳಲ್ಲೇ ಬಂತು. ನಮ್ಮ ಸರ್ಕಾರಕ್ಕೆ ಗೊತ್ತಾಯ್ತು, 1958ರಲ್ಲಿ ನೋಡ್ಕೊಂಡು ಬನ್ನಿ ಅಂತ ಗಸ್ತು ತಂಡಗಳನ್ನ ಕಳಿಸಿದ್ರು, ಅದರಲ್ಲಿ ಒಂದು ತಂಡವನ್ನ ಚೀನಾದವರು ಹಿಡಿದು ಇಟ್ಕೊಂಡ್ರು. ಆ ವರ್ಷ ಅಕ್ಟೋಬರ್ 18ಕ್ಕೆ ಭಾರತ ಚೀನಾಕ್ಕೆ ಪ್ರತಿಭಟನೆಯ ಪತ್ರನೂ ಬರೀತು. ಇಷ್ಟೆಲ್ಲ ಆದ್ರೂ ಪಾರ್ಲಿಮೆಂಟಿಗೆ ಹೇಳಲಿಲ್ಲ! ಜನರಿಗೆ ಗೊತ್ತಿಲ್ಲ, ಅವರ ಪ್ರತಿನಿಧಿಗಳಿಗೆ ಗೊತ್ತಿಲ್ಲ. ಗೊತ್ತಾಗಿದ್ದು ಯಾವಾಗ ಅಂದ್ರೆ 1959ರ ಆಗಸ್ಟ್‌ನಲ್ಲಿ. 25ನೇ ತಾರೀಕು ಈಶಾನ್ಯದ ಗಡಿಯ ಲಾಂಗ್‌ಜು ಅನ್ನೋ ಕಡೆ ಗುಂಡು ಹಾರಿತು, ಸದಸ್ಯರು ಸುಮ್ನೆ ಬಿಡಲಿಲ್ಲ, ಎಲ್ಲಿ ಏನಾಗ್ತಿದೆ ಹೇಳಿ ಅಂತ ಪಟ್ಟು ಹಿಡಿದ್ರು, 28ನೇ ತಾರೀಕು ನೆಹರೂ ಲೋಕಸಭೆಯಲ್ಲಿ ಹೌದು, ಅಕ್ಸಾಯ್ ಚಿನ್ ಮೇಲೆ ಚೀನಾ ರಸ್ತೆ ಹಾಕಿದೆ ಅಂತ ಒಪ್ಪಿಕೊಂಡ್ರು. ರಸ್ತೆ ಮುಗಿದು ಎರಡು ವರ್ಷದ ಹತ್ತಿರ ಆಗಿತ್ತು.

ಅದೇ ವಾರ ಇನ್ನೊಂದು ಆಯ್ತು. ಆಗ ಸೇನೆಯ ಮುಖ್ಯಸ್ಥರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ರಕ್ಷಣಾ ಮಂತ್ರಿ ಕೃಷ್ಣ ಮೆನನ್. ಇಬ್ಬರಿಗೂ ಆಗಿಬರ್ತಿರಲಿಲ್ಲ. ತಿಮ್ಮಯ್ಯ ಆಗಸ್ಟ್ 31ಕ್ಕೆ ರಾಜೀನಾಮೆ ಕೊಟ್ರು, ನೆಹರೂ ಕರೆಸಿ ಮಾತಾಡಿ ವಾಪಸ್ ತಗೊಳೋ ಹಾಗೆ ಮಾಡಿದ್ರು, ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದು ಸದನದಲ್ಲಿ ಕೋಲಾಹಲ ಆಗಿ ಸೆಪ್ಟೆಂಬರ್ 2ಕ್ಕೆ ನೆಹರೂ ಉತ್ತರ ಕೊಡಬೇಕಾಗಿ ಬಂತು. ಸೇನೆ ಮತ್ತೆ ರಕ್ಷಣಾ ಖಾತೆ ನಡುವೆ ಏನೋ ಸರಿ ಇಲ್ಲ ಅಂತ ದೇಶಕ್ಕೆ ಗೊತ್ತಾಗಿದ್ದು ಆಗಲೇ. ಸೆಪ್ಟೆಂಬರ್ 7ಕ್ಕೆ ಚೀನಾ ಜೊತೆಗಿನ ಪತ್ರಗಳನ್ನೆಲ್ಲ ಶ್ವೇತಪತ್ರ ಮಾಡಿ ಸದನದ ಮುಂದೆ ಇಟ್ರು. ನೋಡಿ, ಎರಡು ವರ್ಷ ಬಾಯಿ ಬಿಡದ ಸರ್ಕಾರ ಹತ್ತು ದಿನದಲ್ಲಿ ದಾಖಲೆನೇ ಬಿಚ್ಚಿಟ್ಟಿತು, ಸದಸ್ಯರು ಬಿಡದೆ ಕೇಳಿದ್ದಕ್ಕೆ.

ಆಮೇಲೆ ಸಂಸದ ಮಹಾವೀರ್ ತ್ಯಾಗಿ ಅವರ ಮಾತು ಇದ್ದೇ ಇದೆ, ಪಾರ್ಲಿಮೆಂಟ್ ಕಥೆ ಹೇಳೋರೆಲ್ಲ ಹೇಳ್ತಾರೆ. ಅಕ್ಸಾಯ್ ಚಿನ್ ಹುಲ್ಲುಕಡ್ಡಿನೂ ಬೆಳೆಯದ ಜಾಗ ಅನ್ನೋ ಅರ್ಥದಲ್ಲಿ ನೆಹರೂ ಹೇಳಿದ್ದಕ್ಕೆ ತ್ಯಾಗಿ ತಮ್ಮ ಬೋಳು ತಲೆ ತೋರಿಸಿ, ಇಲ್ಲೂ ಏನೂ ಬೆಳೆಯಲ್ಲ, ಹಾಗಂತ ಕಡಿದು ಬೇರೆಯವರಿಗೆ ಕೊಟ್ಟುಬಿಡಲಾ ಅನ್ನೋ ಹಾಗೆ ಕೇಳಿದ್ರಂತೆ. ಎಲ್ಲರೂ ನಗ್ತಾರೆ, ನಕ್ಕು ಮರೀತಾರೆ. ನನಗೆ ಮುಖ್ಯ ಅನ್ನಿಸೋದು, ತ್ಯಾಗಿಯವರು ಆಡಳಿತ ಪಕ್ಷದವರೇ, ಅದಕ್ಕೂ ಮೊದಲು ರಕ್ಷಣಾ ಖಾತೆಯಲ್ಲೇ ಮಂತ್ರಿ ಆಗಿದ್ದವರು. ತಮ್ಮದೇ ಪ್ರಧಾನಿಯನ್ನ ಎದ್ದು ನಿಂತು ಕೇಳಿದ್ರು. 1962ರಲ್ಲಿ ಯುದ್ಧ ನಡೀತಿದ್ದಾಗ ಸದನದ ಚರ್ಚೆ ಗುಟ್ಟಾಗಿ ನಡೆಸೋಣ ಅಂತ ಸಂಸದ ಎಲ್.ಎಂ. ಸಿಂಘ್ವಿ ಸಲಹೆ ಕೊಟ್ರು, ನೆಹರೂ ಒಪ್ಪಲಿಲ್ಲ, ಜನ ಕೇಳಿಸಿಕೊಳ್ಳಲಿ ಅಂತ ಬಾಗಿಲು ತೆರೆದೇ ನಡೆಸಿದ್ರು. ಆ ಹೊತ್ತಿಗೆ ಮೆನನ್ ಮಂತ್ರಿಗಿರಿನೂ ಹೋಗಿತ್ತು. ಇದನ್ನೂ ಹೇಳಬೇಕು, ನ್ಯಾಯ.

ಈ ಕಥೆ ಹಳೇದಾಯ್ತು ಅನ್ನಬೇಡಿ. ಅದೇ ಲಡಾಖಿನಲ್ಲಿ 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆ ಆಯ್ತು, ನಮ್ಮ 20 ಸೈನಿಕರು ತೀರಿಹೋದ್ರು. ಸೆಪ್ಟೆಂಬರ್ 15ಕ್ಕೆ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಲೋಕಸಭೆಯಲ್ಲಿ ಹೇಳಿಕೆ ಕೊಟ್ರು, ಲಡಾಖಿನ ಸುಮಾರು 38 ಸಾವಿರ ಚದರ ಕಿಲೋಮೀಟರ್ ಚೀನಾ ವಶದಲ್ಲಿದೆ ಅಂದ್ರು. ಹೇಳಿಕೆಗೂ ಪ್ರಶ್ನೆಗೂ ಏನು ವ್ಯತ್ಯಾಸ ಅಂತ ಕೇಳ್ತೀರಾ? ಲೋಕಸಭೆಯ 372ನೇ ನಿಯಮದ ಪ್ರಕಾರ ಮಂತ್ರಿ ತಾವಾಗೇ ಹೇಳಿಕೆ ಕೊಟ್ರೆ ಆಗ ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ. ಅವರು ಹೇಳಿದಷ್ಟು, ನಾವು ಕೇಳಿಸಿಕೊಂಡಷ್ಟು. ಆ ಅಧಿವೇಶನದಲ್ಲಿ ಕೋವಿಡ್ ಅಂತ ಪ್ರಶ್ನೋತ್ತರ ವೇಳೆನೇ ಇರಲಿಲ್ಲ, ಲಿಖಿತ ಪ್ರಶ್ನೆ ಮಾತ್ರ ಉಳಿಸಿದ್ರು. ಆದ್ರೂ ಆ ಉಳಿದ ಲಿಖಿತ ಪ್ರಶ್ನೆನೇ ಕೆಲಸ ಮಾಡಿತು. ಲಾಕ್‌ಡೌನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ಎಷ್ಟು ಜನ ಸತ್ರು ಅಂತ ಕೇಳಿದ್ದಕ್ಕೆ ಕಾರ್ಮಿಕ ಇಲಾಖೆ ಅಂಥ ಲೆಕ್ಕ ಇಟ್ಟಿಲ್ಲ ಅಂತ ಬರೆದುಕೊಟ್ಟಿತು, ಇಡೀ ದೇಶದಲ್ಲಿ ಸುದ್ದಿ ಆಯ್ತು. ಲೆಕ್ಕ ಇಲ್ಲ ಅನ್ನೋದೂ ಉತ್ತರವೇ, ಆದ್ರೆ ಎಷ್ಟು ಅಂತ ಕೇಳಿದ್ರೆ ಮಾತ್ರ ಆ ಉತ್ತರ ಹೊರಗೆ ಬರುತ್ತೆ.

ಒಳಗಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ, ಶಿಕ್ಷಣದ್ದು ಇನ್ನೂ ಬಹಳ ಇತ್ತು, ಬೇಗ ಬೇಗ ಹೇಳ್ತೀನಿ.

ಕೇಂದ್ರದ ಯುಡೈಸ್ ಪ್ಲಸ್ ಅನ್ನೋ ಶಾಲೆಗಳ ಮಾಹಿತಿ ಲೆಕ್ಕದಲ್ಲಿ 2024-25ಕ್ಕೆ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳು ಒಂದು ಲಕ್ಷ ದಾಟಿವೆ, ಅಲ್ಲಿ ಓದೋ ಮಕ್ಕಳು 33 ಲಕ್ಷಕ್ಕಿಂತ ಜಾಸ್ತಿ. ನಮ್ಮ ಕರ್ನಾಟಕದಲ್ಲೇ ಅಂಥವು 7 ಸಾವಿರದ ಮೇಲಿವೆ. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡ್ಕೋಬೇಕು, ಬಿಸಿಯೂಟನೂ ನೋಡ್ಕೋಬೇಕು, ಎಲ್‌ಎಕ್ಯೂಗೆ ಮಾಹಿತಿನೂ ಕಳಿಸಬೇಕು. ಈ 7 ಸಾವಿರದಲ್ಲಿ ನಿಮ್ಮ ತಾಲೂಕಿನವು ಎಷ್ಟು ಅಂತ ನಿಮ್ಮ ಶಾಸಕರು ಕೇಳಿದಾರಾ? ನಮ್ಮ ವಿಧಾನ ಪರಿಷತ್ತಿನ 75 ಸ್ಥಾನದಲ್ಲಿ 7 ಶಿಕ್ಷಕರ ಕ್ಷೇತ್ರಕ್ಕೆ, 7 ಪದವೀಧರರ ಕ್ಷೇತ್ರಕ್ಕೆ ಅಂತಲೇ ಇವೆ. ಶಿಕ್ಷಕರು ವೋಟು ಹಾಕಿ ಕಳಿಸೋ ಸದಸ್ಯರು ಅವರು. ಕೇಳ್ತಾರೆ, ಇಲ್ಲ ಅನ್ನಲ್ಲ, ಆದ್ರೆ ಅಲ್ಲೂ ಅದೇ ‘ಗಮನಕ್ಕೆ ಬಂದಿದೆಯೇ’ ಅನ್ನೋ ಪ್ರಶ್ನೆನೇ ಜಾಸ್ತಿ. ಮೇಷ್ಟ್ರುಗಳೇ, ನಿಮ್ಮ ಪ್ರತಿನಿಧಿ ಸಿಕ್ಕಾಗ ಮನವಿಪತ್ರ ಕೊಟ್ಟು ಹಾರ ಹಾಕಿ ಬರಬೇಡಿ, ಪ್ರಶ್ನೆ ಬರೆದು ಕೊಡಿ, ಅ, ಆ, ಇ ಹಾಕಿ ನೀವೇ ಬರೆದು ಕೊಡಿ.

ಇನ್ನೊಂದು, ಶಿಕ್ಷಣ ಮತ್ತೆ ರಕ್ಷಣೆ ಎರಡೂ ಸೇರೋ ಜಾಗ ಸೈನಿಕ ಶಾಲೆ. ವಿಜಯಪುರದ್ದು 1963ರದ್ದು, ಕೊಡಗಿನ ಕೂಡಿಗೆಯದ್ದು 2007ರದ್ದು. ಶಾಲೆ ಆದ್ರೂ ಅವು ರಕ್ಷಣಾ ಇಲಾಖೆ ಕೆಳಗೆ ಬರ್ತವೆ, ಪ್ರಶ್ನೆ ಹೋಗೋದು ರಕ್ಷಣಾ ಮಂತ್ರಿಗೆ. ಹೆಣ್ಣುಮಕ್ಕಳನ್ನ 2018-19ರಲ್ಲಿ ಮಿಜೋರಾಂನ ಒಂದು ಶಾಲೆಯಲ್ಲಿ ಮೊದಲು ಸೇರಿಸಿಕೊಂಡ್ರು, 2021-22ರಿಂದ ಎಲ್ಲ ಕಡೆ. ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಸೇನಾಧಿಕಾರಿಗಳನ್ನ ತಯಾರು ಮಾಡೋ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದ್ರೆ ಎನ್‌ಡಿಎಗೂ ಸೇರಿಸಿಕೊಂಡ್ರು, 2025ರ ಮೇನಲ್ಲಿ ಮೊದಲ 17 ಹುಡುಗೀರು ಅಲ್ಲಿಂದ ಪಾಸಾಗಿ ಹೊರಗೆ ಬಂದ್ರು. ನಮ್ಮ ಎರಡು ಶಾಲೆಯಲ್ಲಿ ಈಗ ಹುಡುಗೀರು ಎಷ್ಟು, ಹಾಸ್ಟೆಲ್ ಎಷ್ಟು ಸೀಟಿಂದು, ಫೀಸು ಎಷ್ಟು, ಇದರಲ್ಲಿ ರಾಷ್ಟ್ರ ರಹಸ್ಯ ಏನೂ ಇಲ್ಲ, ನಿಮ್ಮ ಎಂಪಿ ಧಾರಾಳವಾಗಿ ಕೇಳಬಹುದು.

ಮಂತ್ರಿಗಳು ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಅಂದ್ರೆ ಅಲ್ಲಿಗೆ ಬಿಡಬೇಡಿ. ಅದು ಭರವಸೆ ಅಂತ ದಾಖಲಾಗುತ್ತೆ. ಲೋಕಸಭೆಯಲ್ಲಿ ಅದನ್ನ ನೋಡೋಕೆ 1953ರಿಂದ ಒಂದು ಸಮಿತಿ ಇದೆ, ಮೂರು ತಿಂಗಳೊಳಗೆ ಈಡೇರಿಸಬೇಕು. ನಮ್ಮಲ್ಲೂ ಭರವಸೆಗಳ ಸಮಿತಿ ಇದೆ.

ಕೊನೇದಾಗಿ, ಈ ಉತ್ತರಗಳೆಲ್ಲ ಮೊಬೈಲಲ್ಲೇ ಸಿಗ್ತವೆ, ದುಡ್ಡು ಬೇಡ, ಆರ್‌ಟಿಐ ಹಾಕೋದೂ ಬೇಡ. ಸಂಸತ್ತಿನ ವೆಬ್‌ಸೈಟಿಗೆ ಹೋಗಿ ಪ್ರಶ್ನೆಗಳು ಅನ್ನೋ ಕಡೆ ನಿಮ್ಮ ಎಂಪಿ ಹೆಸರು ಹುಡುಕಿ, ಖಾತೆ ಅನ್ನೋ ಕಡೆ ಶಿಕ್ಷಣ ಅಥವಾ ರಕ್ಷಣೆ ಆರಿಸಿ. ಪಿಡಿಎಫ್ ಬರುತ್ತೆ. ಮೊದಲ ಪುಟದಲ್ಲಿ ಯೋಜನೆಗಳ ಹೊಗಳಿಕೆ ಇರುತ್ತೆ, ಅದನ್ನ ದಾಟಿ ಕೊನೆಗೆ ಹೋಗಿ, ಅನುಬಂಧ ಅಂತ ಟೇಬಲ್ ಇದ್ರೆ ರಾಜ್ಯವಾರು ಲೆಕ್ಕ ಅಲ್ಲೇ ಇರುತ್ತೆ. ಕರ್ನಾಟಕದ ಸಾಲು ನೋಡಿ, ನಿಮ್ಮೂರ ಶಾಲೆಯ ಉಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಮೀಟಿಂಗಲ್ಲಿ ಓದಿ ಹೇಳಿ. ಅವಕಾಶ ಕೊಟ್ಟ ನಿಲಯದವರಿಗೆ ಧನ್ಯವಾದ, ನಮಸ್ಕಾರ.